ಸ್ಯಾನ್ ಹೋಸೆಯಲ್ಲಿ ಅಗ್ಗದ ಊಟ, ಮುಂಬಯಿಯಲ್ಲಿ ಯಾಕೆ ದುಬಾರಿ?

ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಲೋಕಲ್ ಟ್ರೇನಲ್ಲೋ ಕಂಪನಿ ಬಸ್ಸಲ್ಲೋ ಕೂತು ಓದ್ಕೋತೀವಿ ಅನ್ನೋರಿಗಾಗಿ ಈ ವಾರದ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ಸಂಗತಿ ಸೇರಿಸಿದ್ದೀನಿ.

ಒಂದು ಬಿಲ್ಲಿನಿಂದ ಶುರು ಮಾಡೋಣ. ಮೂರು ಜನರ ಊಟ, 7,200 ರೂಪಾಯಿ. ಜಾಗ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಒಂದು ವಿಯೆಟ್ನಾಮಿ ರೆಸ್ಟೋರೆಂಟ್. ನಾನು, ನನ್ನ ಹೆಂಡತಿ, ಜೊತೆಗೆ ಡೊಂಬಿವ್ಲಿಯಲ್ಲಿರುವ ನನ್ನ ಸೋದರಮಾವ. ಅವತ್ತು ಮಾವನಿಗೆ ಎಪ್ಪತ್ತು ತುಂಬಿತ್ತು. ಮೆನು ಕೈಗೆ ಬಂದ ಕೂಡಲೇ ಮಾವ ಬಲಗಡೆಯ ಸಾಲು ಮಾತ್ರ ಓದಿದರು, ಅಂದ್ರೆ ರೇಟು. ಆಮೇಲೆ ನನ್ನ ಮುಖ ನೋಡಿ, "ಎಂಥ ಮಾರಾಯ, ಒಂದು ಬಟ್ಟಲು ಸಾರಿಗೆ 850 ರೂಪಾಯಿಯಾ?" ಅಂದರು.

ಆ ಸಾರಿನ ಹೆಸರು ಫೋ. ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ ತೆಗೆದ ರಸ, ಅದರಲ್ಲಿ ಚಕ್ಕೆ, ಚಕ್ರಮೊಗ್ಗು, ಸುಟ್ಟ ಶುಂಠಿ, ಅಕ್ಕಿಯ ಶಾವಿಗೆ, ಮೇಲೆ ಹಸಿ ಸೊಪ್ಪು. ನಾನು ಇದನ್ನ ಮೊದಲು ತಿಂದದ್ದು ಆನ್‌ಸೈಟ್ ಹೋದಾಗ, ಸ್ಯಾನ್ ಹೋಸೆಯಲ್ಲಿ. ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಟಿವಿ, ತಲೆ ಎತ್ತದೆ ತಿನ್ನೋ ಜನ. ಅಲ್ಲಿ ಅದು ಕೆಲಸಗಾರರ ಊಟ. ತಿಂಗಳ ಕೊನೆಯಲ್ಲಿ ಕೈ ಬಿಗಿಯಾದಾಗ ನಾವು ಅಲ್ಲಿಗೇ ಹೋಗ್ತಿದ್ವಿ. ಅದೇ ಬಟ್ಟಲು ಮುಂಬಯಿಯಲ್ಲಿ ಮಂದ ಬೆಳಕು, ಬಿದಿರಿನ ದೀಪ, ಮುಂಗಡ ಬುಕಿಂಗ್. ಯಾಕೆ ಹೀಗೆ? ಇದೇ ಇವತ್ತಿನ ಪ್ರಶ್ನೆ. ಉತ್ತರಕ್ಕೆ ಮೊದಲು ಮಾಟುಂಗಕ್ಕೆ ಹೋಗಬೇಕು.

ಜನ ಹೊತ್ತು ತಂದ ಊಟ

ಹೊರಗೆ ಊಟ ಮಾಡೋದು ಮುಂಬಯಿಗೆ ಹಳೆಯ ಅಭ್ಯಾಸ ಅಂದ್ಕೋತೀವಿ. ಅಲ್ಲ. ಯಾರು ಬೇಯಿಸಿದ್ದು, ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನೋ ಜಾತಿಯ ಲೆಕ್ಕ ಇದ್ದ ಕಾಲದಲ್ಲಿ ಹೊರಗಿನ ಊಟ ಅಂದ್ರೆ ಅಳುಕು. ಚಿತ್ರಾಪುರ ಸಾರಸ್ವತರ ಚರಿತ್ರೆ ಬರೆದ ಅಮೆರಿಕದ ಇತಿಹಾಸಕಾರ ಫ್ರಾಂಕ್ ಕಾನ್ಲನ್, ಬಾಂಬೆಯ ಹೊರಗಿನ ಊಟದ ಬಗ್ಗೆಯೂ ಒಂದು ಒಳ್ಳೆಯ ಪ್ರಬಂಧ ಬರೆದಿದ್ದಾರೆ. ಖಾನಾವಳಿ, ಇರಾನಿ ಹೋಟೆಲು, ಉಡುಪಿ ಹೋಟೆಲು ಇವೆಲ್ಲ ಈ ಅಳುಕನ್ನು ಸ್ವಲ್ಪಸ್ವಲ್ಪವೇ ಕರಗಿಸಿದ ಜಾಗಗಳು.

1896ರಲ್ಲಿ ಬಾಂಬೆಗೆ ಪ್ಲೇಗ್ ಬಂತು. 1898ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಆಯ್ತು. ಇಕ್ಕಟ್ಟಿನ ಊರನ್ನು ಉತ್ತರಕ್ಕೆ ಹರಡಬೇಕು ಅಂತ ದಾದರ್, ಮಾಟುಂಗ, ಸಯನ್ ಕಡೆ ಹೊಸ ಬಡಾವಣೆ ಹಾಕಿದರು. ಅಲ್ಲಿ ಬಂದು ನೆಲೆಸಿದವರಲ್ಲಿ ದಕ್ಷಿಣದ ಗುಮಾಸ್ತರು, ಟೈಪಿಸ್ಟರು ತುಂಬ ಜನ. ಒಂದು ರೀತಿಯಲ್ಲಿ ಅಂದಿನ ಐಟಿಯವರು ಅನ್ನಿ. ಇಂಗ್ಲಿಷ್ ಬರುತ್ತೆ, ಸಂಬಳ ಬರುತ್ತೆ, ಅಡುಗೆ ಬರಲ್ಲ. ಅವರಿಗೆ ಊಟ ಹಾಕೋಕೆ ನಮ್ಮ ಕರಾವಳಿಯವರು ಬಂದರು. 1940ರಲ್ಲಿ ಕೆಫೆ ಮದ್ರಾಸ್. 1942ರಲ್ಲಿ ಮಾಟುಂಗ ಸ್ಟೇಷನ್ ಪಕ್ಕ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್. ಬಾಳೆಲೆ, ಅನ್ನ, ಸಾರು, ಪಲ್ಯ. ಇವತ್ತಿಗೂ ನಡೀತಿದೆ.

ಈ ಊಟ ಯಾಕೆ ಅಗ್ಗವಾಗಿತ್ತು? ತೆಂಗಿನಕಾಯಿ ಅಗ್ಗ ಅಂತಲ್ಲ. ಹುಡುಗರು ಅಗ್ಗ ಅಂತ.

ನನ್ನ ಮಾವ ಅಂಥ ಒಬ್ಬ ಹುಡುಗ. ಊರು ಹೆಬ್ರಿ ಹತ್ತಿರ. 1967ರಲ್ಲಿ, ಹದಿಮೂರನೇ ವಯಸ್ಸಿಗೆ, ಊರಿನವರೊಬ್ಬರ ಜೊತೆ ಬಸ್ಸು ಹತ್ತಿದರು. ಕೊಂಕಣ ರೈಲು ಪೂರ್ತಿಯಾಗೋದು 1998ಕ್ಕೆ, ಅಂದ್ರೆ ಇನ್ನೂ ಮೂವತ್ತು ವರ್ಷ ಆಚೆ. ಫೋರ್ಟಿನ ಒಂದು ಹೋಟೆಲಲ್ಲಿ ತಟ್ಟೆ ಲೋಟ ತೊಳೆಯೋ ಕೆಲಸ. ಆಮೇಲೆ ಟೇಬಲ್ ಒರೆಸೋದು, ಆಮೇಲೆ ಆಫೀಸುಗಳಿಗೆ ಚಹಾ ತಲುಪಿಸೋದು. ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಟೇಬಲ್ ಜೋಡಿಸಿ ಮಲಗೋದು. ಊಟ, ಮಲಗೋ ಜಾಗ ಸಂಬಳದೊಳಗೇ ಲೆಕ್ಕ. ಗಿರಾಕಿಗೆ ಇಡ್ಲಿ ನಾಲ್ಕಾಣೆಗೆ ಸಿಗ್ತಿತ್ತು ಅಂದ್ರೆ ಉಳಿದದ್ದನ್ನ ಈ ಹುಡುಗರು ಕೊಟ್ಟಿದ್ದರು.

ಆದ್ರೆ ಇಲ್ಲೊಂದು ದೊಡ್ಡ ಸಂಗತಿ ಇದೆ, ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಈ ಹುಡುಗರಿಗಾಗಿ ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ರಾತ್ರಿ ಶಾಲೆಗಳಿದ್ದವು. ಕರಾವಳಿಯ ಸಮುದಾಯಗಳು ಇಲ್ಲಿ ಬಂದ ಕೂಡಲೇ ಸಂಘ ಕಟ್ಟಿದವು: ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಬಂಟರ ಸಂಘ 1927ರದ್ದು, ಬಿಲ್ಲವರ ಅಸೋಸಿಯೇಷನ್ 1932ರದ್ದು. ಬಿಲ್ಲವರ ಅಸೋಸಿಯೇಷನ್ನಿನ ಗುರುನಾರಾಯಣ ರಾತ್ರಿ ಶಾಲೆಯ ಹೆಸರು ಹಳಬರನ್ನ ಕೇಳಿದ್ರೆ ಈಗಲೂ ಹೇಳ್ತಾರೆ. ಹಗಲೆಲ್ಲ ಹೋಟೆಲು, ಸಂಜೆ ಮೇಲೆ ಬೆಂಚು. ಮಾವ ಅಂಥದೇ ಒಂದು ಶಾಲೆಯಲ್ಲಿ ಎಸ್ಸೆಸ್ಸಿ ಪಾಸಾದರು, ಕೊನೆಗೆ ಬ್ಯಾಂಕಿನಲ್ಲಿ ಗುಮಾಸ್ತರಾದರು. ಅವರು ಕಳಿಸಿದ ಮನಿಯಾರ್ಡರಿನಲ್ಲಿ ನನ್ನ ಅಮ್ಮ ಕಾಲೇಜಿಗೆ ಹೋದಳು. ಅಮ್ಮ ಓದಿದ್ದಕ್ಕೆ ನಾನು ಇಂಜಿನಿಯರಿಂಗ್ ಓದಿದೆ. ನನ್ನ ಲ್ಯಾಪ್‌ಟಾಪಿನ ಬುಡದಲ್ಲಿ ಒಂದು ಎಂಜಲು ತಟ್ಟೆ ಇದೆ ಅಂತ ನಾನು ಯಾವಾಗಲೂ ಹೇಳೋದು ಇದಕ್ಕೇ.

1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಜಮೀನು ಕಳ್ಕೊಂಡ ಮನೆಗಳವರೂ ಹೋಟೆಲ್ ವ್ಯಾಪಾರಕ್ಕೆ ಇಳಿದರು. ಮುಂಬಯಿಯ ಗಲ್ಲದ ಹಿಂದೆ ಶೆಟ್ಟರು ಕೂತದ್ದು ಈ ದಶಕಗಳಲ್ಲಿ ಹೆಚ್ಚು.

ಫೋ ನಡೆದ ದಾರಿ

ಈಗ ಬಟ್ಟಲಿಗೆ ಬರೋಣ. ಫೋ ಬಹಳ ಪುರಾತನ ಅಡುಗೆ ಏನಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಉತ್ತರ ವಿಯೆಟ್ನಾಮಿನ ಹನೋಯ್, ನಾಮ್ ದಿನ್ ಕಡೆ ಹುಟ್ಟಿದ್ದು. ಅಲ್ಲಿ ದನ ಅಂದ್ರೆ ಉಳೋಕೆ. ಆಳಲು ಬಂದ ಫ್ರೆಂಚರು ಮಾಂಸ ತಿಂದರು, ಮೂಳೆ ಉಳಿಯಿತು. ಆ ಮೂಳೆ ಬೀದಿ ವ್ಯಾಪಾರಿಗಳ ಕಾವಡಿಗೆ ಬಂತು. ದೊರೆ ಬಿಟ್ಟದ್ದರಿಂದ ಕೂಲಿಯವರ ಬೆಳಗಿನ ತಿಂಡಿ ಆಯ್ತು.

1954ರಲ್ಲಿ ಜಿನೀವಾ ಒಪ್ಪಂದದಿಂದ ದೇಶ ಎರಡು ಭಾಗ. ಸುಮಾರು ಹತ್ತು ಲಕ್ಷ ಜನ ಉತ್ತರದಿಂದ ದಕ್ಷಿಣಕ್ಕೆ ಹೋದರು. ಅವರ ಜೊತೆ ಫೋ ಕೂಡ ಸೈಗಾನ್ ಸೇರಿತು. ದಕ್ಷಿಣದವರು ಅದಕ್ಕೆ ಮೊಳಕೆಕಾಳು, ತುಳಸಿ ಜಾತಿಯ ಸೊಪ್ಪು, ಸಿಹಿ ಸಾಸು ಸೇರಿಸಿದರು. ಉತ್ತರದವರು ಇದೆಂಥ ಫೋ ಅಂತ ಮುಖ ಸಿಂಡರಿಸಿದರು. ಮುಂಬಯಿಯ ಸಿಹಿ ಸಾಂಬಾರು ಕುಡಿದು ನಾವು ಮಾಡ್ತೀವಲ್ಲ, ಅದೇ ಮುಖ. ಅತ್ತ ಉತ್ತರದಲ್ಲಿ ಯುದ್ಧಕಾಲದ ಅಭಾವ. ಸರ್ಕಾರಿ ಅಂಗಡಿಯ ಫೋದಲ್ಲಿ ಮಾಂಸವೇ ಇರ್ತಿರಲಿಲ್ಲ. ಆಕಾಶದಲ್ಲಿ ಅಮೆರಿಕದ ಪೈಲಟ್ ಇಲ್ಲದ ವಿಮಾನ ಹಾರ್ತಿದ್ದ ಕಾಲ, ಜನ ಅದಕ್ಕೆ "ಪೈಲಟ್ ಇಲ್ಲದ ಫೋ" ಅಂತ ಹೆಸರಿಟ್ಟರು. ಹಸಿವಿನಲ್ಲೂ ತಮಾಷೆ.

1975ರಲ್ಲಿ ಸೈಗಾನ್ ಬಿತ್ತು. ಲಕ್ಷಾಂತರ ಜನ ದೋಣಿಯಲ್ಲಿ, ಸಿಕ್ಕಿದ ವಿಮಾನದಲ್ಲಿ ದೇಶ ಬಿಟ್ಟರು. ಎಷ್ಟೋ ಜನ ಸಮುದ್ರದಲ್ಲೇ ಹೋದರು. ಉಳಿದವರು ಕ್ಯಾಲಿಫೋರ್ನಿಯಾದಲ್ಲಿ, ಪ್ಯಾರಿಸ್ಸಿನಲ್ಲಿ, ಸಿಡ್ನಿಯಲ್ಲಿ ಅಂಗಡಿ ಹಾಕಿದರು. ಇವತ್ತು ವಿಯೆಟ್ನಾಂ ಬಿಟ್ಟರೆ ವಿಯೆಟ್ನಾಮಿಗಳು ಅತಿ ಹೆಚ್ಚು ಇರೋ ನಗರ ಸ್ಯಾನ್ ಹೋಸೆ. ನಿಮ್ಮಲ್ಲಿ ಎಷ್ಟೋ ಜನ ಆ ಊರಲ್ಲಿ ಕೂತೇ ಇದನ್ನ ಓದ್ತಿರಬಹುದು.

ಈಗ ಉತ್ತರದ ಅರ್ಧ ಸಿಕ್ಕಿತು. ಸ್ಯಾನ್ ಹೋಸೆಗೆ ಫೋ ಬಂದದ್ದು ನಿರಾಶ್ರಿತರ ಜೊತೆ. ಮನೆಮಂದಿಯೆಲ್ಲ ಅಡುಗೆಮನೆಯಲ್ಲಿ ದುಡಿದರು. ಮಾಟುಂಗಕ್ಕೆ ಬಂದ ಇಡ್ಲಿಯ ಹಾಗೆ. ಹಾಗಾದ್ರೆ ಸನ್ನಿವೇಲಿನಲ್ಲಿ ದೋಸೆ ಯಾಕೆ ಅಗ್ಗವಿಲ್ಲ ಅಂತ ಕೇಳ್ತೀರಿ. ಅಲ್ಲಿಗೆ ದೋಸೆ ಹೋದದ್ದು ನಮ್ಮ ಎಚ್-1ಬಿ ಸಂಬಳದ ಜೊತೆ. ಊಟದ ಬೆಲೆ ಅದರ ಜೊತೆ ಯಾರು, ಯಾವ ಸ್ಥಿತಿಯಲ್ಲಿ ಬಂದರು ಅನ್ನೋದರ ಮೇಲೂ ನಿಲ್ಲುತ್ತೆ.

ಜನ ಇಲ್ಲದೆ ಬಂದ ಊಟ

ಮುಂಬಯಿಗೆ ಫೋ ಜನರ ಜೊತೆ ಬರಲಿಲ್ಲ. ದೊಡ್ಡ ಹೋಟೆಲಿನ ದಾರಿಯಲ್ಲಿ ಬಂತು. 1975ರಲ್ಲಿ ಕಲ್ಕತ್ತದಿಂದ ಬಂದ ನೆಲ್ಸನ್ ವಾಂಗ್ ಕ್ರಿಕೆಟ್ ಕ್ಲಬ್ಬಿನಲ್ಲಿ ಚಿಕನ್ ಮಂಚೂರಿಯನ್ ಮಾಡಿದರು. ಅದು ಕೆಲವೇ ವರ್ಷದಲ್ಲಿ ಉಡುಪಿ ಹೋಟೆಲಿಗೆ ಇಳಿದು ಗೋಬಿ ಮಂಚೂರಿ ಆಯ್ತು, ಶೆಜ್ವಾನ್ ದೋಸೆಯೂ ಆಯ್ತು. 1993ರಲ್ಲಿ ಕಫ್ ಪರೇಡಿನ ಪ್ರೆಸಿಡೆಂಟ್ ಹೋಟೆಲಲ್ಲಿ ಥಾಯ್ ಪೆವಿಲಿಯನ್ ತೆರೆಯಿತು. ಅದನ್ನ ಹೆಸರುವಾಸಿ ಮಾಡಿದ ಶೆಫ್ ಆನಂದ ಸೊಲೊಮನ್ ನಮ್ಮ ಕರಾವಳಿಯ ಮೂಲದವರು. ತೆಂಗಿನಹಾಲು, ಹುಣಸೆ, ಮೀನು ಗೊತ್ತಿದ್ದ ಕೈಗೆ ಥಾಯ್ ಅಡುಗೆ ದೂರದ್ದೇನೂ ಅಲ್ಲ ನೋಡಿ. ಆಮೇಲೆ ಏಷ್ಯಾದ ಎಲ್ಲ ಅಡುಗೆಯನ್ನೂ ಒಂದೇ ಮೆನುವಿಗೆ ತುಂಬೋ ಕಾಲ. 2022ರಲ್ಲಿ ಮುಂಬಯಿಯಿಂದ ವಿಯೆಟ್ನಾಮಿಗೆ ನೇರ ವಿಮಾನ ಶುರುವಾಯ್ತು, ಹನಿಮೂನಿಗೆ ಹೋಗಿ ಬಂದವರಿಗೆ ಅದೇ ರುಚಿ ಇಲ್ಲೂ ಬೇಕಾಯ್ತು. ನಾವು ಕೊಡೋ 850 ರೂಪಾಯಿ ಆ ಪ್ರವಾಸದ ನೆನಪಿಗೂ, ಬಾಂದ್ರಾದ ಬಾಡಿಗೆಗೂ ಸೇರಿ.

ಮೇಜಿನ ಮೇಲೆ ನಮ್ಮಪ್ಪನ ತೋಟ

ಮೀನಿನ ಜೊತೆ ಒಂದು ಪುಟ್ಟ ಬಟ್ಟಲಲ್ಲಿ ಉಪ್ಪು, ಕರಿಮೆಣಸಿನ ಪುಡಿ, ನಿಂಬೆರಸ ಕಲಸಿ ಕೊಟ್ಟರು. ಮಾವ ಬೆರಳಲ್ಲಿ ಮುಟ್ಟಿ ನೆಕ್ಕಿ, "ಇದು ನಿನ್ನಪ್ಪನ ಮೆಣಸಾ, ಅವರ ಮೆಣಸಾ?" ಅಂತ ಕೇಳಿದರು.

ತಮಾಷೆಗೆ ಕೇಳಿದ್ದು. ನನಗೆ ತಮಾಷೆ ಅನಿಸಲಿಲ್ಲ. ನಮ್ಮಪ್ಪನಿಗೆ ಕೊಪ್ಪದ ಹತ್ತಿರ ಮೂರು ಎಕರೆ ರೊಬಸ್ಟಾ, ಮರಗಳಿಗೆ ಹಬ್ಬಿಸಿದ ಮೆಣಸು. ಸಾವಿರಾರು ವರ್ಷ ಮೆಣಸಿನ ನಾಡು ಅಂದ್ರೆ ನಮ್ಮ ಪಶ್ಚಿಮ ಘಟ್ಟ. ಈ ಶತಮಾನದ ಶುರುವಿನಿಂದ ಜಗತ್ತಿಗೆ ಅತಿ ಹೆಚ್ಚು ಮೆಣಸು ಬೆಳೆಯೋದು ವಿಯೆಟ್ನಾಂ. 2016ರ ಸುಮಾರಿಗೆ ಕೇಜಿಗೆ 600 ರೂಪಾಯಿ ದಾಟಿದ್ದ ಮೆಣಸು ಎರಡು ಮೂರು ವರ್ಷದಲ್ಲಿ ಅರ್ಧಕ್ಕೆ ಬಂತು. ಶ್ರೀಲಂಕಾ ಮೂಲಕ ವಿಯೆಟ್ನಾಂ ಮೆಣಸು ಒಳಗೆ ಬರ್ತಿದೆ ಅಂತ ಕೊಡಗಿನ, ಮಲೆನಾಡಿನ ಬೆಳೆಗಾರರು ಕೂಗಿದರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕೇಜಿಗೆ 500 ರೂಪಾಯಿಗಿಂತ ಕಮ್ಮಿ ಬೆಲೆಗೆ ಆಮದು ಮಾಡಬಾರದು ಅಂತ ನಿಯಮ ತಂದಿತು.

ಕಾಫಿಯದ್ದು ಇನ್ನೂ ಹಳೆಯ ಗಾಯ. ನಮಗೆ ಕಾಫಿ ತಂದವರು ಹದಿನೇಳನೇ ಶತಮಾನದ ಬಾಬಾ ಬುಡನ್ ಅಂತ ನಂಬಿಕೆ. ವಿಯೆಟ್ನಾಮಿಗೆ 1857ರಲ್ಲಿ ಫ್ರೆಂಚ್ ಪಾದ್ರಿಗಳು ತಂದರು. ಹಸಿ ಹಾಲು ಸಿಗದ ಊರು, ಅದಕ್ಕೇ ಡಬ್ಬಿಯ ಸಿಹಿ ಗಟ್ಟಿಹಾಲು ಹಾಕಿ ಕುಡಿದರು. 1986ರ ದೊಯ್ ಮೊಯ್ ಸುಧಾರಣೆ ನಂತರ ಅಲ್ಲಿನ ಗುಡ್ಡನಾಡಿನಲ್ಲಿ ರೊಬಸ್ಟಾ ಬೆಳೆ ಉಕ್ಕಿತು. 1989ರಲ್ಲಿ ದೇಶದೇಶಗಳ ನಡುವಿನ ಕಾಫಿ ಕೋಟಾ ಒಪ್ಪಂದ ಮುರಿದುಬಿತ್ತು. 2000ದ ಹೊತ್ತಿಗೆ ಬ್ರೆಜಿಲ್ ಬಿಟ್ಟರೆ ವಿಯೆಟ್ನಾಮೇ. ಜಗತ್ತಿನ ಬೆಲೆ ನೆಲಕಚ್ಚಿತು. ನಮ್ಮ ಮನೆಯಲ್ಲಿ ಆ ಎರಡು ವರ್ಷ ಕೊಯ್ಲಿನ ಕೂಲಿಯೂ ಹುಟ್ಟಲಿಲ್ಲ. ನಾನು ತೋಟ ಬಿಟ್ಟು ಕಂಪ್ಯೂಟರ್ ಓದಿದ್ದು ಆಸೆಯಿಂದ ಅಂತ ಇಂಟರ್‌ವ್ಯೂಗಳಲ್ಲಿ ಹೇಳಿದ್ದೀನಿ. ನಿಜ ಅಂದ್ರೆ ಅಪ್ಪ ಹೇಳಿದ್ದು ಒಂದೇ ಮಾತು: "ಇದರಲ್ಲಿ ಏನಿಲ್ಲ, ನೀನು ಹೊರಡು."

ಚಿಕ್ಕವನಿದ್ದಾಗ ವಿಯೆಟ್ನಾಂ ಅಂದ್ರೆ ನನಗೆ ಸಿಟ್ಟು. ಆಮೇಲೆ ಓದಿದಾಗ ಗೊತ್ತಾಯ್ತು, ಆ ಬೆಲೆಯಲ್ಲಿ ಅಲ್ಲಿಯ ರೈತನೂ ಮುಳುಗಿದ. ಆ ಗುಡ್ಡಕ್ಕೆ ಬಯಲಿನಿಂದ ಲಕ್ಷಾಂತರ ಜನ ಹೊಟ್ಟೆಪಾಡಿಗೆ ಬಂದಿದ್ದರು, ಅಲ್ಲೇ ಇದ್ದ ಎದೆ, ಜರಾಯಿ ಬುಡಕಟ್ಟಿನವರು ಜಾಗ ಕಳ್ಕೊಂಡರು. 2024ರಲ್ಲಿ ಅಲ್ಲಿ ಬರ ಬಿತ್ತು, ರೊಬಸ್ಟಾ ಬೆಲೆ ದಾಖಲೆಗೆ ಏರಿತು, ನಮ್ಮಪ್ಪ ಮನೆಗೆ ಹೊಸ ಹೆಂಚು ಹಾಕಿಸಿದರು. ಒಬ್ಬರ ಬರ ಇನ್ನೊಬ್ಬರ ಹೆಂಚು. ಸಂತೋಷಪಡೋಕೆ ಬಾಯಿ ಬರಲಿಲ್ಲ.

"ಊರು ಯಾವುದು ಮಗಾ?"

ನಮಗೆ ಬಡಿಸಿದ ಹುಡುಗನಿಗೆ ಇಪ್ಪತ್ತೆರಡು ಇರಬಹುದು. ಪಕ್ಕದ ಮೇಜಿನವರು ಅವನನ್ನ "ನೀನು ವಿಯೆಟ್ನಾಮಿನವನಾ?" ಅಂತ ಕೇಳಿದರು. ಅವನು ನಕ್ಕು ಸುಮ್ಮನಾದ. ಮಾವ ಕೇಳಿದ್ದು ಬೇರೆ. ಬಿಲ್ಲು ತಂದಾಗ, "ಊರು ಯಾವುದು ಮಗಾ?" ಅಂದರು, ಹಿಂದಿಯಲ್ಲಿ. ಮಣಿಪುರ ಅಂದ. "ಊರಿಗೆ ಹೋಗಿ ಎಷ್ಟು ದಿನ ಆಯ್ತು?" 2023ರ ಗಲಾಟೆಯಲ್ಲಿ ಮನೆ ಹೋಯ್ತು, ಅಪ್ಪ ಅಮ್ಮ ಶಿಬಿರದಲ್ಲಿದ್ದಾರೆ, ಹೋಗೋಕೆ ಮನೆಯೇ ಇಲ್ಲ ಅಂದ. ಕಲೀನಾದಲ್ಲಿ ಒಂದು ರೂಮು, ಆರು ಜನ. ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಓದು ಎಲ್ಲಿಗೆ ನಿಂತಿತು?" ಅಂತ ಕೇಳಿದರು. ಡಿಗ್ರಿ ಎರಡನೇ ವರ್ಷ.

ಮುಂಬಯಿಗೆ ಫೋ ಜನ ಇಲ್ಲದೆ ಬಂತು ಅಂತ ಮೇಲೆ ಹೇಳಿದೆ. ತಪ್ಪು. ಜನ ಇದ್ದಾರೆ. ಬೇರೆ ಊರಿನವರು, ಬೇರೆ ಬೆಂಕಿಯಿಂದ ಬಂದವರು. ನನಗೆ ಮೆನು ಕಂಡಿತ್ತು, ಅವರು ಕಂಡಿರಲಿಲ್ಲ. ಮಾವನಿಗೆ ಕೂತ ಕೂಡಲೇ ಕಂಡಿತು.

ಈಶಾನ್ಯದ ಹುಡುಗ ಹುಡುಗಿಯರು ನಮ್ಮ ಊಟದ ಮೇಜುಗಳಲ್ಲಿ, ಸಲೂನುಗಳಲ್ಲಿ ಎಲ್ಲ ಕಡೆ ಇದ್ದಾರೆ. ಅವರಿಗಾಗಿ ಫೋರ್ಟಿನಲ್ಲಿ ನಮ್ಮವರಿಗಿದ್ದಂಥ ರಾತ್ರಿ ಶಾಲೆ ಎಲ್ಲಿದೆ? ನಮ್ಮ ಹಿರಿಯರು ತಿಂಗಳ ಚಂದಾ ಎತ್ತಿ ಕಟ್ಟಿದ್ದನ್ನ ನಾವು ಕೋಟಿ ಪ್ಯಾಕೇಜಿನವರು ಯಾರಿಗಾದರೂ ಕಟ್ಟಿದ್ದೀವಾ?

ಮಾವ ಕಾಗದದ ಕರವಸ್ತ್ರದ ಮೇಲೆ ತಮ್ಮ ಫೋನ್ ನಂಬರು ಬರೆದು ಹುಡುಗನಿಗೆ ಕೊಟ್ಟರು. ಮುಕ್ತ ವಿಶ್ವವಿದ್ಯಾಲಯದ ಫಾರ್ಮು ತುಂಬೋಕೆ ಬಾ ಅಂದರು. ಎರಡು ವಾರ ಬಿಟ್ಟು ಅವನು ರಜೆಯ ದಿನ ಡೊಂಬಿವ್ಲಿಗೆ ಹೋಗಿದ್ದನಂತೆ. ಮಾವ ಅವನಿಗೆ ನೀರ್ದೋಸೆ ಮಾಡಿ ಹಾಕಿದರಂತೆ. ಫಾರ್ಮು ತುಂಬಿದ್ದಾರೆ. ಫೀಸು ನಾನು ಕಟ್ಟಿದೆ, ಒಂದು ಊಟದ ಬಿಲ್ಲಿಗಿಂತ ಕಮ್ಮಿ.

ಮುಂದಿನ ಸಲ ಹೊರಗೆ ಊಟಕ್ಕೆ ಹೋದಾಗ ನೀವೂ ಒಮ್ಮೆ ಕೇಳಿ ನೋಡಿ, ಊರು ಯಾವುದು ಅಂತ. ನಿಮ್ಮ ಮನೆಯಲ್ಲಿ ರಾತ್ರಿ ಶಾಲೆಯಲ್ಲಿ ಓದಿದವರಿದ್ದರೆ ಅವರ ಕಥೆ ನಮಗೆ ಬರೆದು ಕಳಿಸಿ, ಮುಂದಿನ ಮಾತು ಅದರ ಬಗ್ಗೆಯೇ.