ಪರವಾನಗಿ ಯಾರದು, ಹೊಣೆ ಯಾರದು? ಕಣಗಿನಹಾಳದಿಂದ ಕ್ರಿಪ್ಟೊವರೆಗೆ

ಇವತ್ತಿನ ಸಂಚಿಕೆ ದುಡ್ಡಿನ ವ್ಯವಹಾರಕ್ಕೆ ಸರ್ಕಾರ ಹಾಕುವ ಮುದ್ರೆಯ ಬಗ್ಗೆ. ಕ್ರಿಪ್ಟೊ ಕಂಪನಿಗೆ ಲೈಸೆನ್ಸ್ ಇದೆಯಾ ಅಂತ ಈಗ ಊರೂರಲ್ಲೂ ಕೇಳ್ತಾರೆ. ಆ ಪ್ರಶ್ನೆ ಹೊಸದೇನಲ್ಲ.

ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಗೆ ಬನ್ನಿ. ತುಂಗಭದ್ರೆ ದಂಡೆಯ ಊರು. ಸೇತುವೆ ದಾಟಿದರೆ ಹೂವಿನಹಡಗಲಿ ಸೀಮೆ. ಇವತ್ತು ಅದು ಬರೀ ಜಿಲ್ಲೆಯ ಗಡಿ. ಬ್ರಿಟಿಷರ ಕಾಲದಲ್ಲಿ ಮುಂಡರಗಿ ಮುಂಬಯಿ ಪ್ರಾಂತ್ಯದ್ದು, ಹಡಗಲಿ ಮದ್ರಾಸ್ ಪ್ರಾಂತ್ಯದ್ದು. ಪಕ್ಕದ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೆ ಸೇರಿದ್ದವು. ದುಡ್ಡು ನದಿ ದಾಟುತ್ತಿತ್ತು, ಕಾನೂನು ಮಾತ್ರ ದಂಡೆಯಲ್ಲೇ ನಿಲ್ಲುತ್ತಿತ್ತು.

ಆಗ ರೈತನಿಗೆ ಸಾಲ ಅಂದ್ರೆ ಸಾಹುಕಾರ. ಲೆಕ್ಕದ ಪುಸ್ತಕ ಅವನ ಕೈಯಲ್ಲಿ, ಹೆಬ್ಬೆಟ್ಟು ರೈತನದು. ಇದಕ್ಕೆ ಪರ್ಯಾಯ ಅಂತ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ನೋಂದಣಿಯಾಯಿತು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ ಅದಕ್ಕೆ ಹೆಸರು.

ಇಲ್ಲಿ ನೋಂದಣಿ ಅಂದ್ರೆ ಗೋಡೆಗೆ ತೂಗುಹಾಕುವ ಕಾಗದ ಆಗಿರಲಿಲ್ಲ. ವರ್ಷಕ್ಕೊಮ್ಮೆಯಾದರೂ ಸರ್ಕಾರದ ಕಡೆಯಿಂದ ಲೆಕ್ಕ ತಪಾಸಣೆ ಆಗಲೇಬೇಕು. ಹಳ್ಳಿಯ ಸಂಘದ ಸದಸ್ಯರ ಹೊಣೆಗೆ ಮಿತಿಯೇ ಇಲ್ಲ. ಸಂಘ ಮುಳುಗಿದರೆ ಸದಸ್ಯರ ಆಸ್ತಿಗೂ ಕುತ್ತು. ಹಾಗಾಗಿ ಯಾರಿಗೆ ಸಾಲ ಕೊಡ್ತಿದ್ದೀವಿ ಅಂತ ಎಲ್ಲರೂ ಕಣ್ಣಿಟ್ಟು ನೋಡುತ್ತಿದ್ದರು. ಸಾಹುಕಾರರಿಗೇ ಲೈಸೆನ್ಸ್ ಕಡ್ಡಾಯ ಮಾಡಿದ್ದು ಆಮೇಲೆ: ಮುಂಬಯಿ ಪ್ರಾಂತ್ಯದಲ್ಲಿ 1946ರ ಲೇವಾದೇವಿ ಕಾಯ್ದೆ, ಏಕೀಕರಣವಾದ ಮೇಲೆ ನದಿಯ ಎರಡೂ ದಂಡೆಗೆ ನಮ್ಮ ರಾಜ್ಯದ 1961ರ ಕಾಯ್ದೆ. ಕಾನೂನು ನದಿ ದಾಟೋಕೆ ಅಷ್ಟು ವರ್ಷ ಹಿಡಿಯಿತು.

ಈಗ ಬೆಂಗಳೂರಿಗೆ ಹೋಗೋಣ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕುಗಳು ಸೇವೆ ಕೊಡಬಾರದು ಅಂತ ಅದರ ಸಾರ. ಬ್ಯಾಂಕ್ ಬಾಗಿಲು ಮುಚ್ಚಿದ ಮೇಲೆ ಯುನೊಕಾಯಿನ್ ಕಂಪನಿ ಹಳೆ ವಿಮಾನ ನಿಲ್ದಾಣ ರಸ್ತೆಯ ಮಾಲ್ ಒಂದರಲ್ಲಿ ನಗದು ಹಾಕುವ, ತೆಗೆಯುವ ಯಂತ್ರ ಇಟ್ಟಿತು. ಅದೇ ಅಕ್ಟೋಬರಿನಲ್ಲಿ ಪೊಲೀಸರು ಯಂತ್ರ ವಶಪಡಿಸಿಕೊಂಡು ಸಹಸಂಸ್ಥಾಪಕರನ್ನು ಬಂಧಿಸಿದರು. ಅನುಮತಿ ಪಡೆದಿಲ್ಲ ಅನ್ನೋದು ಆರೋಪ. ಆದರೆ ನೋಡಿ, ಕ್ರಿಪ್ಟೊಗೆ ಅಂತ ಲೈಸೆನ್ಸ್ ಕೊಡುವ ಕಚೇರಿಯೇ ದೇಶದಲ್ಲಿ ಇರಲಿಲ್ಲ. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು.

2022ರಲ್ಲಿ ತೆರಿಗೆ ಬಂತು: ಲಾಭದ ಮೇಲೆ ಶೇ 30, ವಹಿವಾಟಿನ ಮೇಲೆ ಶೇ 1 ಟಿಡಿಎಸ್. ತೆರಿಗೆ ತಗೊಂಡ್ರಲ್ಲ, ಒಪ್ಪಿಗೆ ಸಿಕ್ಕಿತು ಅಂತ ಬಹಳ ಜನ ತಿಳಿದರು. ಅದು ತಪ್ಪು. ನೋಂದಣಿಯ ಕಟ್ಟುಪಾಡು ಬಂದದ್ದು 2023ರ ಮಾರ್ಚ್ 7ರಂದು. ಅಂದಿನಿಂದ ಕ್ರಿಪ್ಟೊ ಕಂಪನಿಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯೊಳಗೆ ಬಂದವು. ಹಣಕಾಸು ಗುಪ್ತಚರ ಘಟಕದಲ್ಲಿ ಹೆಸರು ನೋಂದಾಯಿಸಬೇಕು, ಗ್ರಾಹಕರ ಕೆವೈಸಿ ಮಾಡಬೇಕು, ದಾಖಲೆ ಇಡಬೇಕು, ಅನುಮಾನದ ವಹಿವಾಟು ಕಂಡರೆ ವರದಿ ಕೊಡಬೇಕು. ವಿದೇಶಿ ಕಂಪನಿಯಾದರೂ ಇಲ್ಲಿಯ ಗ್ರಾಹಕರಿದ್ದರೆ ಇದೇ ನಿಯಮ. ಪಾಲಿಸದ ಬೈನಾನ್ಸ್‌ಗೆ 2024ರ ಜೂನಿನಲ್ಲಿ 18.82 ಕೋಟಿ ರೂಪಾಯಿ ದಂಡ ಬಿತ್ತು.

ಇಷ್ಟೆಲ್ಲ ಇದ್ದ ಮೇಲೆ ನಮ್ಮ ದುಡ್ಡು ಭದ್ರ ಅಲ್ವಾ? ಇಲ್ಲ. ಈ ನೋಂದಣಿ ಇರುವುದು ಕಳ್ಳಹಣ ಹಿಡಿಯೋಕೆ, ನಿಮ್ಮ ದುಡ್ಡಿಗೆ ಜಾಮೀನು ನಿಲ್ಲೋಕೆ ಅಲ್ಲ. 2024ರ ಜುಲೈನಲ್ಲಿ ವಝೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾಯಿತು. ಗ್ರಾಹಕರು ತಮ್ಮ ಕ್ರಿಪ್ಟೊ ವಾಪಸ್ ತೆಗೆಯಲಾಗದೆ ತಿಂಗಳುಗಟ್ಟಲೆ ಕಾದರು. ಬ್ಯಾಂಕ್ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಕ್ರಿಪ್ಟೊಗೆ ಅದಿಲ್ಲ.

ಕಣಗಿನಹಾಳದ ಪಾಠ ಇಲ್ಲೇ ಇದೆ. ಅಲ್ಲಿ ಮುದ್ರೆಯ ಹಿಂದೆ ಮೂರು ಸಂಗತಿ ಇದ್ದವು: ಪ್ರತಿವರ್ಷದ ತಪಾಸಣೆ, ಮುಖ ಗೊತ್ತಿರುವ ಜನ, ನಷ್ಟವಾದರೆ ಹೊರುವ ಹೆಗಲು. ಕೊರ್ಲಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಮೊಬೈಲ್ ತೋರಿಸಿ, ‘ನಮ್ಮದು ಸರ್ಕಾರಿ ರಿಜಿಸ್ಟರ್ಡ್ ಕ್ರಿಪ್ಟೊ ರೀ’ ಅಂದ್ರೆ, ರಿಜಿಸ್ಟರ್ ಎಲ್ಲಿ ಆಗಿದೆ ಅಂತ ಕೇಳಿ. ಲೆಕ್ಕ ಯಾರು ನೋಡ್ತಾರೆ ಅಂತ ಕೇಳಿ. ಹೋದರೆ ಕೊಡೋರು ಯಾರು ಅಂತಾನೂ ಕೇಳಿ. ಕೊನೆಯ ಪ್ರಶ್ನೆಗೆ ಉತ್ತರ ಬರದಿದ್ದರೆ ದುಡ್ಡು ಜೇಬಲ್ಲೇ ಇರಲಿ.