ಹಾಡುಗಾರನಿಲ್ಲದ ಹಾಡು

ಹೇರೂರು, ಶಿರಸಿ, ಯಲ್ಲಾಪುರದ ಸೀಮೆಯಲ್ಲಿ ಹಾರ್ಮೋನಿಯಂ ಹೊಸ ವಸ್ತುವಲ್ಲ. ಭಜನೆಗೆ, ಸಂಗೀತ ಪಾಠಕ್ಕೆ, ನಾಟಕದ ತಾಲೀಮಿಗೆ ಅದು ಬೇಕೇ ಬೇಕು. ಆದರೆ ಹಾಡುವವರಿಲ್ಲದೆ ಆ ಪೇಟಿಯೊಂದೇ ಹಳೆಯ ರಂಗಗೀತೆ ನುಡಿಸಿದರೆ ಪದ್ಯದಲ್ಲಿ ಉಳಿಯುವುದೇನು? ಈ ಪ್ರಶ್ನೆಯ ಹಿಂದೆ ಒಂದು ಚರಿತ್ರೆಯೇ ಇದೆ.

ಹಾರ್ಮೋನಿಯಂ ಹುಟ್ಟಿದ್ದು 1840ರ ದಶಕದ ಪ್ಯಾರಿಸಿನಲ್ಲಿ. ಕಾಲಿನಿಂದ ಗಾಳಿ ಒತ್ತುವ ಆ ವಾದ್ಯವನ್ನು ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತುವಂತೆ ಮಾರ್ಪಡಿಸಿದವರು ಕಲ್ಕತ್ತದ ದ್ವಾರಕಾನಾಥ ಘೋಷ್. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರ ‘ಸಂಗೀತ ಸೌಭದ್ರ’ 1882ರಲ್ಲಿ ರಂಗಕ್ಕೆ ಬಂತು. ಮರಾಠಿ ಸಂಗೀತ ನಾಟಕದ ಗಾಳಿ ಕನ್ನಡ ಕಂಪನಿಗಳಿಗೂ ಬೀಸಿತು. ಕಂಪನಿ ನಾಟಕಗಳಲ್ಲಿ ಕಾಲುಪೇಟಿಯ ಮಾಸ್ತರರೇ ಸಂಗೀತದ ಚುಕ್ಕಾಣಿ ಹಿಡಿದರು.

ವಿರೋಧವೂ ಬೆಳೆಯಿತು. 1938ರಲ್ಲಿ ಆಕಾಶವಾಣಿಯ ದೆಹಲಿ ಕೇಂದ್ರದಲ್ಲಿದ್ದ ಜಾನ್ ಫೌಲ್ಡ್ಸ್ ಈ ವಾದ್ಯವನ್ನು ಕಟುವಾಗಿ ಟೀಕಿಸಿ ಬರೆದರು. 1940ರಲ್ಲಿ ಬಾನುಲಿ ಅದನ್ನು ನಿಷೇಧಿಸಿತು. ಆಕ್ಷೇಪ ಹುರುಳಿಲ್ಲದ್ದಲ್ಲ: ಮನೆಗಳು ಸ್ಥಿರ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅಲ್ಲಿ ಅಸಾಧ್ಯ.

ಇದೇ ತೊಡಕು ಅಮೆರಿಕದ ಪಿಯಾನೋಕ್ಕೂ ಇತ್ತು. ಕಪ್ಪುಜನರ ಬ್ಲೂಸ್ ಹಾಡಿನ ಬಾಗಿದ ಸ್ವರ ಎರಡು ಮನೆಗಳ ನಡುವೆ ಎಲ್ಲೋ ಇರುತ್ತದೆ. ವಾದಕರು ಅಕ್ಕಪಕ್ಕದ ಎರಡು ಮನೆಗಳನ್ನು ಒತ್ತೊತ್ತಾಗಿ ನುಡಿಸಿ ಅದರ ಭ್ರಮೆ ಹುಟ್ಟಿಸಿದರು. ಅದೇ 1938ರಲ್ಲಿ ಜೆಲ್ಲಿ ರೋಲ್ ಮಾರ್ಟನ್ ವಾಷಿಂಗ್ಟನ್ನಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಒಂಟಿ ಪಿಯಾನೋ ಮುಂದೆ ಕುಳಿತು, ನ್ಯೂ ಆರ್ಲಿಯನ್ಸಿನ ತಮ್ಮ ಯೌವನದ ಹಾಡುಗಳನ್ನು ನೆನೆದು ನುಡಿಸಿದರು, ಹಾಡಿದರು. ಅಲನ್ ಲೊಮ್ಯಾಕ್ಸ್ ಅದನ್ನು ಧ್ವನಿಮುದ್ರಿಸಿಕೊಂಡರು. ಒಂದೆಡೆ ಮನೆಗಳ ವಾದ್ಯಕ್ಕೆ ಛೀಮಾರಿ, ಇನ್ನೊಂದೆಡೆ ಅದೇ ಬಗೆಯ ವಾದ್ಯ ನೆನಪಿನ ಕಣಜ!

ನಮ್ಮವರು ಉತ್ತರ ಕೊಟ್ಟದ್ದು ಬೆರಳಿನಿಂದ. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ ರಾಮಭಾವು ಬಿಜಾಪುರೆ ಸಾಥಿಗೂ ಸ್ವತಂತ್ರ ವಾದನಕ್ಕೂ ಹೆಸರಾದರು. ನೆರೆಯ ಸ್ವರವನ್ನು ಚಿಟಿಕೆಯಷ್ಟು ಮುಟ್ಟಿ ಬಿಡುವ ಕಣ, ತಿದಿಯ ಒತ್ತಡದಲ್ಲಿ ಏರಿಳಿಯುವ ನಾದ, ಉಸಿರಿನಂಥ ವಿರಾಮ ಇವೇ ಪೇಟಿಯ ಮೀಂಡ್. 1971ರಲ್ಲಿ ಬಾನುಲಿ ನಿಷೇಧ ಸಡಿಲಿಸಿತು. ಬಿಜಾಪುರೆಯವರು 2010ರಲ್ಲಿ ತೀರಿಕೊಂಡರು.

ರಂಗಗೀತೆಯ ಪದಗಳನ್ನು ಕಂಠಪಾಠ ಬಲ್ಲವರು ವಿರಳವಾಗುತ್ತಿದ್ದಾರೆ. ಪೇಟಿ ಪದವನ್ನು ಉಳಿಸಲಾರದು; ಪದ ನಿಲ್ಲುತ್ತಿದ್ದ ಜಾಗ, ಗಾಯಕ ಉಸಿರೆಳೆಯುತ್ತಿದ್ದ ಜಾಗ ಉಳಿಸೀತು. ಹಾಡು ಬಲ್ಲ ಅಜ್ಜಿಗೆ ಅಷ್ಟು ಸಾಕು, ಉಳಿದದ್ದನ್ನು ಅವಳೇ ತುಂಬಿಕೊಳ್ಳುತ್ತಾಳೆ. ಮೊಮ್ಮಗನಿಗೆ ಮಾತ್ರ ಅದನ್ನು ಯಾರಾದರೂ ಒಮ್ಮೆ ಹಾಡಿ ತೋರಿಸಲೇಬೇಕು.