ಕುದುರೆಗಳಲ್ಲಿ ವಿಷಜನ್ಯ ಮೂತ್ರಪಿಂಡ ಹಾನಿ

ಔಷಧ, ಭಾರಲೋಹ, ಕೀಟವಿಷ ಅಥವಾ ಬೂಷ್ಟು ಹಿಡಿದ ಮೇವಿನಿಂದ ಕುದುರೆಯ ಮೂತ್ರಪಿಂಡದ ಸೂಕ್ಷ್ಮ ನಾಳಗಳು ಕೆಡುವ ಸ್ಥಿತಿ ಇದು. ಹೃದಯದಿಂದ ಹೊರಡುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಮೂತ್ರಪಿಂಡಗಳಿಗೆ ಹರಿಯುತ್ತದೆ. ರಕ್ತದಲ್ಲಿ ಬೆರೆತ ವಿಷವೂ ಅದರ ಜೊತೆಗೇ ಅಲ್ಲಿಗೆ ತಲುಪುತ್ತದೆ. ಮೂತ್ರಪಿಂಡ ನೀರನ್ನು ಮರಳಿ ಹೀರಿಕೊಂಡಂತೆ ನಾಳದೊಳಗೆ ವಿಷ ಗಟ್ಟಿಯಾಗುತ್ತ ಹೋಗುತ್ತದೆ. ಬಾಯಾರಿದ ಕುದುರೆಗೆ ಅಪಾಯ ಹೆಚ್ಚಿರುವುದು ಇದರಿಂದಲೇ.

ಕುದುರೆಯ ಮೂತ್ರ ಆರೋಗ್ಯವಿರುವಾಗಲೂ ಕದಡಿದಂತಿರುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಹರಳು ಮತ್ತು ಲೋಳೆ ಅದಕ್ಕೆ ಕಾರಣ. ಹೆಚ್ಚಿನ ಕ್ಯಾಲ್ಸಿಯಂ ಅನ್ನು ಈ ಪ್ರಾಣಿ ಮೂತ್ರದಲ್ಲೇ ಹೊರಹಾಕುವುದರಿಂದ, ದೀರ್ಘಕಾಲದ ಮೂತ್ರಪಿಂಡ ವೈಫಲ್ಯದಲ್ಲಿ ಅದರ ರಕ್ತದ ಕ್ಯಾಲ್ಸಿಯಂ ಏರುವುದುಂಟು.

ಹಳೆಯ ಹಿನ್ನೆಲೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಇಂದು ವಿಜಯನಗರ ಜಿಲ್ಲೆಯಲ್ಲಿವೆ. ಜಿಲ್ಲೆಗೆ ಹೆಸರು ಕೊಟ್ಟ ರಾಜಧಾನಿ ಕುದುರೆಗಾಗಿ ಕಡಲಾಚೆಯ ವ್ಯಾಪಾರವನ್ನು ನೆಚ್ಚಿಕೊಂಡಿತ್ತು. ಅಲ್ಲಿನ ದೊರೆ ಸಾಳುವ ನರಸಿಂಹ ಹೊರ್ಮುಜ್ ಮತ್ತು ಏಡನ್‌ನಿಂದ ಕುದುರೆ ತರಿಸುತ್ತಿದ್ದ. ಹಡಗಿನಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಬೆಲೆ ಕೊಡುತ್ತಿದ್ದ ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅಷ್ಟು ದುಬಾರಿಯಾದ ಪ್ರಾಣಿಯನ್ನು ಉಳಿಸಿಕೊಳ್ಳುವ ವಿದ್ಯೆಗೂ ಬೆಲೆಯಿತ್ತು. ಕನ್ನಡದಲ್ಲಿ 12ನೇ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’ ದನಗಳ ಚಿಕಿತ್ಸೆಯನ್ನು ಕುರಿತದ್ದಾದರೆ, ಮುಂದೆ ಅಭಿನವಚಂದ್ರ ಕುದುರೆಯ ವೈದ್ಯವನ್ನು ಕುರಿತು ಬರೆದ.

ಮದ್ದೇ ವಿಷವಾದದ್ದು

ಈ ರೋಗದ ಚರಿತ್ರೆಯಲ್ಲಿ ಹಗೆಯ ಕೈಗಿಂತ ವೈದ್ಯನ ಕೈಯಿಂದ ಬಂದ ವಿಷವೇ ಹೆಚ್ಚು. ಕುಂಟುವ ಕುದುರೆಯ ಕಾಲಿಗೆ ಬೊಬ್ಬೆ ಎಬ್ಬಿಸಿದರೆ ನೋವು ಇಳಿಯುತ್ತದೆಂಬ ನಂಬಿಕೆಯಿಂದ ಪಾದರಸದ ಮುಲಾಮನ್ನು ಬಹುಕಾಲ ಹಚ್ಚುತ್ತಿದ್ದರು. ಚರ್ಮದ ಮೂಲಕ ಒಳಗಿಳಿದ ಪಾದರಸ ಮೂತ್ರಪಿಂಡವನ್ನು ಕೆಡಿಸಬಲ್ಲದು. ಅದೇ ಉದ್ದೇಶಕ್ಕೆ ಬಳಕೆಯಾದ ಇನ್ನೊಂದು ವಸ್ತು, ಬೊಬ್ಬೆ ಜೀರುಂಡೆಗಳ ಕ್ಯಾಂಥರಿಡಿನ್. 1970ರ ದಶಕದಲ್ಲಿ ಅಮೆರಿಕದಲ್ಲಿ ಕುದುರೆಮೆಂತ್ಯದ ಒಣಮೇವಿನೊಳಗೆ ಸಿಕ್ಕ ಈ ಜೀರುಂಡೆಗಳನ್ನು ತಿಂದು ಕುದುರೆಗಳು ಸತ್ತ ಪ್ರಕರಣಗಳನ್ನು ವೈದ್ಯರು ವಿವರವಾಗಿ ದಾಖಲಿಸಿದರು. ಹೊಟ್ಟೆನೋವಿನ ಜೊತೆ ಮೂತ್ರಕೋಶ, ಮೂತ್ರಪಿಂಡಗಳೂ ಸುಟ್ಟಂತಾಗುತ್ತಿದ್ದವು. ಇದೇ ಕುಟುಂಬದ ಜೀರುಂಡೆಗಳು ನಮ್ಮ ತೊಗರಿ ಹೊಲದ ಹೂಗಳಲ್ಲೂ ಕಾಣಸಿಗುತ್ತವೆ.

ಭಾರತದ ಕುದುರೆಗಳಿಗೆ ಹತ್ತಿರದ ಅಧ್ಯಾಯ ಸರ‍್ರಾ ರೋಗದ್ದು. 1880ರಲ್ಲಿ ಪಶುವೈದ್ಯ ಗ್ರಿಫಿತ್ ಇವಾನ್ಸ್ ಇಂದಿನ ಪಾಕಿಸ್ತಾನದ ದೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ ಇದರ ಪರೋಪಜೀವಿಯನ್ನು ಕಂಡುಹಿಡಿದ. ದೊಡ್ಡ ನೊಣಗಳ ಕಡಿತದಿಂದ ಹರಡುವ ಈ ರೋಗಕ್ಕೆ 1920ರ ದಶಕದಿಂದ ಸುರಾಮಿನ್, ಶತಮಾನದ ನಡುವಿನಿಂದ ಕ್ವಿನಾಪೈರಮಿನ್ ಮದ್ದಾದವು. ಜೀವ ಉಳಿಸುವ ಈ ಎರಡೂ ಮದ್ದುಗಳು ಮೂತ್ರಪಿಂಡವನ್ನು ನೋಯಿಸಬಲ್ಲವು. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಕ್ವಿನಾಪೈರಮಿನ್‌ನ ವಿಷಗುಣ ತಗ್ಗಿಸಲು ಅದನ್ನು ನ್ಯಾನೊಕಣಗಳಲ್ಲಿ ತುಂಬಿ ಪ್ರಯೋಗ ನಡೆಸಿದೆ.

ನೋವುನಿವಾರಕ ಮತ್ತು ಪ್ರತಿಜೀವಕ

1949ರಲ್ಲಿ ಮನುಷ್ಯರ ಸಂಧಿವಾತಕ್ಕೆ ಬಂದ ಫಿನೈಲ್‌ಬ್ಯುಟಜೋನ್ ಬೇಗನೆ ಕುದುರೆ ಲಾಯಗಳನ್ನೂ ಸೇರಿತು. 1968ರ ಕೆಂಟಕಿ ಡರ್ಬಿಯಲ್ಲಿ ಮೊದಲು ಬಂದ ಡ್ಯಾನ್ಸರ್ಸ್ ಇಮೇಜ್ ಎಂಬ ಕುದುರೆ ಈ ಮದ್ದಿನ ಕುರುಹಿನಿಂದಲೇ ಬಹುಮಾನ ಕಳೆದುಕೊಂಡಿತು. 1983ರ ಹೊತ್ತಿಗೆ, ಇದನ್ನು ತೆಗೆದುಕೊಂಡ ಕುದುರೆಗಳಲ್ಲಿ ಮೂತ್ರಪಿಂಡದ ಒಳಭಾಗದ ಅಂಗಾಂಶ ಸಾಯುವುದು ವರದಿಯಾಗಿತ್ತು. ಮೂತ್ರಪಿಂಡಕ್ಕೆ ರಕ್ತ ಸಾಕಾಗದಿದ್ದಾಗ ಅಲ್ಲಿನ ರಕ್ತನಾಳಗಳನ್ನು ತೆರೆದಿಡುವ ಪ್ರೊಸ್ಟಗ್ಲಾಂಡಿನ್‌ಗಳ ತಯಾರಿಕೆಯನ್ನು ಈ ಮದ್ದು ತಡೆಯುತ್ತದೆ. ನೀರಿಲ್ಲದೆ ಬಳಲಿದ ಕುದುರೆಗೆ ಪೆಟ್ಟು ಬೀಳುವುದು ಇಲ್ಲೇ.

ಇದೇ ಬಗೆಯ ನೋವುನಿವಾರಕ ಡೈಕ್ಲೋಫೆನಾಕ್, ಅದನ್ನು ಪಡೆದು ಸತ್ತ ಜಾನುವಾರುಗಳ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳ ಸಂತತಿಯನ್ನೇ ಕುಸಿಯುವಂತೆ ಮಾಡಿತು. 2006ರಲ್ಲಿ ಭಾರತ ಅದರ ಪಶುವೈದ್ಯ ಬಳಕೆಯನ್ನು ನಿಷೇಧಿಸಿತು.

1960ರ ದಶಕದಲ್ಲಿ ಬಂದ ಜೆಂಟಮೈಸಿನ್ ಸೂಕ್ಷ್ಮ ನಾಳಗಳ ಜೀವಕೋಶದೊಳಗೆ ಸಂಗ್ರಹವಾಗುತ್ತದೆ. ದಿನದ ಮೊತ್ತವನ್ನು ಹಲವು ಪಾಲು ಮಾಡುವ ಬದಲು ಒಮ್ಮೆಲೇ ಕೊಟ್ಟರೆ, ಮುಂದಿನ ಸೂಜಿಮದ್ದಿನವರೆಗೆ ರಕ್ತದ ಮಟ್ಟ ಇಳಿದು ಮೂತ್ರಪಿಂಡಕ್ಕೆ ಬಿಡುವು ಸಿಗುತ್ತದೆ. 1984ರಲ್ಲಿ ಇನ್ನೊಂದು ಎಚ್ಚರಿಕೆ ಬಂತು: ಕೃತಕ ಕೆ3 ಜೀವಸತ್ವದ ಚುಚ್ಚುಮದ್ದು ಪಡೆದ ಕುದುರೆಗಳ ಮೂತ್ರಪಿಂಡ ಸೋತಿತ್ತು.

ಮೇವು ಮತ್ತು ನೀರು

ದುಡಿಯುವ ಕುದುರೆಗೆ ಒಂದು ದಿನ ಬಿಡುವು ಕೊಟ್ಟು, ಕಾಳನ್ನು ಮಾತ್ರ ಕಡಿಮೆ ಮಾಡದೆ, ಮರುದಿನ ಬಂಡಿಗೆ ಹೂಡಿದರೆ ಸ್ನಾಯು ಬಿಗಿದು ಒಡೆಯುವುದುಂಟು. ಆಗ ಹೊರಬೀಳುವ ಮಯೊಗ್ಲೋಬಿನ್ ಮೂತ್ರವನ್ನು ಕಾಫಿ ಬಣ್ಣಕ್ಕೆ ತಿರುಗಿಸುವುದಲ್ಲದೆ ನಾಳಗಳನ್ನೂ ಕೆಡಿಸುತ್ತದೆ.

ಮೆಕ್ಕೆಜೋಳದ ಶಿಲೀಂಧ್ರದಲ್ಲಿರುವ ಫ್ಯುಮೊನಿಸಿನ್ ವಿಷವನ್ನು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು 1988ರಲ್ಲಿ ಗುರುತಿಸಿದರು. ಇದು ಕುದುರೆಯ ಮಿದುಳನ್ನು ಮೊದಲು ಹಿಡಿದರೂ ಇತರ ಪ್ರಾಣಿಗಳ ಮೂತ್ರಪಿಂಡಕ್ಕೂ ಕೇಡು ಮಾಡುವುದು ಗೊತ್ತಾಗಿದೆ. 1995ರಲ್ಲಿ ಕರ್ನಾಟಕ ಮತ್ತು ಆಂಧ್ರದ ದಖ್ಖನ್ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳ ಉಂಡ ಜನರಿಗೆ ಹೊಟ್ಟೆನೋವು, ಭೇದಿ ಕಾಣಿಸಿದ್ದು ಇದೇ ವಿಷದಿಂದ. ಮೇಲೆ ಹೆಸರಿಸಿದ ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳ ಹೊಲಗಳಲ್ಲಿ ಬೆಳೆಯುವುದೂ ಇವೇ ಕಾಳುಗಳನ್ನು. ಮನೆಮಂದಿ ಒಲ್ಲದ ಕೆಟ್ಟ ಕಾಳನ್ನು ಪ್ರಾಣಿಗೆ ಸುರಿಯುವುದು ಅಪಾಯ.

ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರುವ ಹೊತ್ತಿಗೆ ಮೂತ್ರಪಿಂಡದ ಸುಮಾರು ಮುಕ್ಕಾಲು ಪಾಲು ಕೆಲಸ ನಿಂತಿರುತ್ತದೆ. ಹಾಗಾಗಿ ಚಿಕಿತ್ಸೆಯಲ್ಲಿ ಮೊದಲು ಮಾಡುವುದು ವಿಷಕಾರಿ ಮದ್ದು ನಿಲ್ಲಿಸಿ ರಕ್ತನಾಳಕ್ಕೆ ದ್ರವ ಹಾಯಿಸುವುದು. ಬಯಲುಸೀಮೆಯ ಬೇಸಗೆಯಲ್ಲಿ ಕುರಿಹಿಂಡಿನ ಜೊತೆ ಹೊರೆ ಹೊತ್ತು ನಡೆಯುವ ಕುದುರೆಗೂ ಜಾತ್ರೆ, ಮೆರವಣಿಗೆಗಳಲ್ಲಿ ನಿಲ್ಲುವ ಕುದುರೆಗೂ ನೋವುನಿವಾರಕ ಅಥವಾ ಜೆಂಟಮೈಸಿನ್ ಕೊಡುವ ಮುನ್ನ ಹೊಟ್ಟೆತುಂಬ ನೀರು ಕುಡಿಸುವುದನ್ನು, ಎರಡನ್ನೂ ಒಟ್ಟಿಗೆ ಕೊಡದಿರುವುದನ್ನು ಪಶುವೈದ್ಯರು ಸಲಹೆ ಮಾಡುತ್ತಾರೆ.